ತೊಗಲಿನ ಹದ, ದಪ್ಪದ ಲೆಕ್ಕ

ಸೌಕಾರ್‌ಪೇಟೆ ಅಂದರೆ ಸಾಹುಕಾರರ ಪೇಟೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಬಟ್ಟೆ, ಬಂಗಾರ, ಬಿಸಿ ಜಿಲೇಬಿ ನಮಗೆಲ್ಲ ಗೊತ್ತು. ಆದರೆ ಅಲ್ಲಿಂದ ರೈಲು ಹಳಿ ದಾಟಿ ಸೆಂಟ್ರಲ್ ಸ್ಟೇಷನ್ನಿನ ಆಚೆ ಬದಿಗೆ ಬಂದರೆ ಪೆರಿಯಮೇಟ್ ಸಿಗುತ್ತದೆ. ಅದು ಚೆನ್ನೈನ ತೊಗಲು ಪೇಟೆ. ಬೈಕ್ ಜಾಕೆಟ್ಟಿಗೆ ತೊಗಲು ಎಷ್ಟು ದಪ್ಪ ಇರಬೇಕು ಎಂದು ಕೇಳುವ ನಮ್ಮ ಯುವ ಕೇಳುಗರಿಗೆ ಈ ಪೇಟೆಯ ಚರಿತ್ರೆಯಲ್ಲೇ ಉತ್ತರವಿದೆ.

ಹಿಂದೆ ತೊಗಲಿನ ದಪ್ಪವನ್ನು ತೀರ್ಮಾನಿಸುತ್ತಿದ್ದುದು ಮನುಷ್ಯನಲ್ಲ, ಪ್ರಾಣಿ. ಆಡಿನದು ತೆಳು, ದನದ್ದು ಮಂದ, ಎಮ್ಮೆಯದು ಇನ್ನೂ ಮಂದ. ನಾವು ತಂಗಡಿ ಅಥವಾ ಆವರಿಕೆ ಅನ್ನುವ, ತಮಿಳರು ಆವಾರಂ ಅನ್ನುವ ಹಳದಿ ಹೂವಿನ ಗಿಡವಿದೆಯಲ್ಲ, ಅದರ ತೊಗಟೆಯ ಕಷಾಯದಲ್ಲಿ ನೆನೆಸಿ, ಕೊನೆಗೆ ಅಳಲೆಕಾಯಿಯ ನೀರು ಕೊಟ್ಟು ಹದ ಮಾಡುತ್ತಿದ್ದರು. ನಮ್ಮ ದನಗಳು ಚಿಕ್ಕವು, ತೊಗಲೂ ಹಗುರ. ಹೀಗೆ ಹದವಾದ ಮಾಲು 'ಈಸ್ಟ್ ಇಂಡಿಯಾ ಕಿಪ್ಸ್' ಎಂಬ ಹೆಸರಿನಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಬಳಕೆಯಾದದ್ದೂ ಇದೇ ತೊಗಲು. ಈ ಹದ ತಲೆಮಾರುಗಳಿಂದ ಯಾರ ಕೈಗೆ ಒಲಿದಿತ್ತೋ ಅವರನ್ನು ಊರು ಹೊರಗೇ ಇಟ್ಟಿತ್ತು. ಲಾಭ ಮಾತ್ರ ಪೇಟೆಯೊಳಗೆ ಬಂತು. ಇದನ್ನು ಮರೆತು ತೊಗಲಿನ ಚರಿತ್ರೆ ಹೇಳಲಾಗದು.

ಆಮೇಲೆ ಬಂದದ್ದು ಕ್ರೋಮಿಯಂ ಲವಣದ ಹದ. 1903ರಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಇದರ ಪ್ರಯೋಗ ಶುರುಮಾಡಿದರು. ಯಾವುದಕ್ಕಾಗಿ ಗೊತ್ತೇ? ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕಾಗಿ! ತೊಗಟೆಯಲ್ಲಿ ಹದವಾದ ಚೀಲ ನೀರಿನಲ್ಲಿ ನೆನೆದು ನೆನೆದು ಬೇಗ ಕೊಳೆಯುತ್ತಿತ್ತು. ಕ್ರೋಂ ತೊಗಲು ತಡೆದುಕೊಳ್ಳುತ್ತಿತ್ತು. ಇದೇ ಚಾಟರ್ಟನ್ 1912ರಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೆ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಇತ್ತ ಮದರಾಸಿನ ಹೊರವಲಯದಲ್ಲಿ ಅದೇ ದಶಕದಲ್ಲಿ ಕ್ರೋಂ ಲೆದರ್ ಕಾರ್ಖಾನೆ ಎದ್ದಿತು. ತಾಂಬರಂ ಲೋಕಲ್ ರೈಲಿನಲ್ಲಿ ನೀವು ದಿನವೂ ಕೇಳುವ 'ಕ್ರೋಂಪೇಟ್' ಎಂಬ ಹೆಸರು ಬಂದದ್ದು ಅದರಿಂದಲೇ. ಮುಂದೆ ಯಂತ್ರಗಳು ಬಂದವು. ಸುತ್ತುತ್ತಲೇ ಇರುವ ಪಟ್ಟಿಯಂಥ ಚೂರಿ ತೊಗಲನ್ನು ಅಡ್ಡಕ್ಕೆ ಎರಡು ಪದರವಾಗಿ ಸೀಳುತ್ತದೆ. ಅಲ್ಲಿಗೆ ದಪ್ಪದ ತೀರ್ಮಾನ ಪ್ರಾಣಿಯಿಂದ ಮನುಷ್ಯನ ಕೈಗೆ ಬಂತು. 1948ರಲ್ಲಿ ಅಡಯಾರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಶುರುವಾದ ಮೇಲೆ ಈ ವಿದ್ಯೆಗೆ ಪ್ರಯೋಗಶಾಲೆಯ ಬೆಂಬಲವೂ ಸಿಕ್ಕಿತು.

ಇನ್ನು ಜಾಕೆಟ್ಟಿನ ಕತೆ. ಬೈಕ್ ಸವಾರರ ಓರೆ ಜಿಪ್ಪಿನ ಜಾಕೆಟ್ಟನ್ನು 1928ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಷಾಟ್ ಹೊಲಿದು, ತನಗೆ ಇಷ್ಟವಾದ ಚುಟ್ಟದ ಹೆಸರನ್ನೇ ಅದಕ್ಕಿಟ್ಟ: ಪರ್ಫೆಕ್ಟೊ. 1953ರ 'ದಿ ವೈಲ್ಡ್ ಒನ್' ಚಿತ್ರದಲ್ಲಿ ಮಾರ್ಲನ್ ಬ್ರ್ಯಾಂಡೊ ಅಂಥ ಜಾಕೆಟ್ ತೊಟ್ಟ ಮೇಲೆ ಅದು ಫ್ಯಾಷನ್ನಾಯಿತು. ನಮ್ಮಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ತಿರುವೊಟ್ರಿಯೂರಿನಿಂದ ಬುಲೆಟ್ ಹೊರಟಿತು. 1961ರಿಂದ ಮೈಸೂರಿನಲ್ಲಿ ಜಾವಾ ತಯಾರಾಯಿತು. ಆದರೆ ನಮ್ಮ ಸವಾರರು ತೊಟ್ಟದ್ದು ಹೆಚ್ಚೆಂದರೆ ಸ್ವೆಟರ್. ತೊಗಲು ಮಾತ್ರ ಅರೆ ಹದದಲ್ಲೇ ಹೊರದೇಶಕ್ಕೆ ಹೋಗುತ್ತಿತ್ತು. 1972ರಲ್ಲಿ ಸೀತಾರಾಮಯ್ಯ ಸಮಿತಿಯ ವರದಿ ಬಂದು, ಕಚ್ಚಾ ಮತ್ತು ಅರೆ ಹದದ ತೊಗಲಿನ ರಫ್ತಿಗೆ ಕಡಿವಾಣ ಬಿದ್ದ ಮೇಲೆ ಸಿದ್ಧ ಉಡುಪು ಇಲ್ಲೇ ತಯಾರಾಗತೊಡಗಿತು. ಯುರೋಪಿನ ಅಂಗಡಿಗಳಿಗೆ ಬೇಕಿದ್ದದ್ದು ಆಡು ಕುರಿಗಳ ಮೆತ್ತನೆಯ, ತೆಳ್ಳನೆಯ ಫ್ಯಾಷನ್ ಜಾಕೆಟ್. ಕೈಗೆ ರೇಷ್ಮೆಯಂತಿರುವ ಅಂಥ ತೊಗಲನ್ನೇ ಬೈಕಿಗೂ ಸಾಕು ಎಂದುಕೊಂಡರೆ ಅಪಾಯ.

ಲೆಕ್ಕ ಹೀಗಿದೆ. ಫ್ಯಾಷನ್ ಜಾಕೆಟ್ಟಿನ ಕುರಿ ತೊಗಲು ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್. ರಸ್ತೆಗೆ ಬೀಳುವ ಸವಾರನ ಮೈ ಕಾಯಲು ದನದ ತೊಗಲಾದರೆ 1.1ರಿಂದ 1.3, ರೇಸಿಗೆ 1.2ರಿಂದ 1.4 ಇರಬೇಕು. ಆಡಿನ ತೊಗಲಿನ ಎಳೆ ಒತ್ತಾಗಿರುವುದರಿಂದ 1 ಮಿಲಿಮೀಟರಿಗೂ ಗಟ್ಟಿ. ಎಮ್ಮೆಯದು ಮಂದವಾದರೂ ಎಳೆ ಸಡಿಲ, ಭಾರ ಹೆಚ್ಚು. ಕೆಲವರು ಔನ್ಸಿನಲ್ಲಿ ಹೇಳುತ್ತಾರೆ: 1 ಔನ್ಸ್ ಅಂದರೆ ಸುಮಾರು 0.4 ಮಿಲಿಮೀಟರ್, 3 ಔನ್ಸಾದರೆ 1.2.

ಆದರೆ ದಪ್ಪ ಒಂದೇ ಸಾಲದು. ಸೀಳಿದ ತೊಗಲಿನ ಮೇಲ್ಪದರದಲ್ಲಿ ಎಳೆಗಳು ಒತ್ತಾಗಿ ಹೆಣೆದಿರುತ್ತವೆ. ಕೆಳಪದರಕ್ಕೆ ಬಣ್ಣದ ಲೇಪ ಕೊಟ್ಟು ಮೇಲ್ಪದರದಂತೆ ಕಾಣಿಸಬಹುದು, ಆ ಬಲ ಬರಿಸಲಾಗದು. ಎರಡೂ 1.2 ಇದ್ದರೂ ಅವೆರಡೂ ಒಂದೇ ಅಲ್ಲ! ಬಿದ್ದಾಗ ತೊಗಲಿಗಿಂತ ಮೊದಲು ಹೊಲಿಗೆಯೇ ಬಿಟ್ಟುಕೊಳ್ಳುವುದೂ ಉಂಟು. ಅದಕ್ಕೇ ಯುರೋಪಿನ ಈಗಿನ ಇಎನ್ 17092 ಮಾನದಂಡ ತೊಗಲಿನ ಉಜ್ಜು, ಹರಿತ, ಹೊಲಿಗೆಯ ಬಲ ಎಲ್ಲವನ್ನೂ ಪರೀಕ್ಷಿಸುತ್ತದೆ. ತೋಳಿಲ್ಲದ ವೆಸ್ಟಿನ ಮಾತು ಬೇರೆ. ಬಿದ್ದರೆ ನೆಲಕ್ಕೆ ತಾಗುವ ಮೊಣಕೈಯನ್ನೇ ಅದು ಮುಚ್ಚುವುದಿಲ್ಲ. ಎಷ್ಟು ದಪ್ಪವಿದ್ದರೂ ಅದು ಚಂದಕ್ಕೆ ಮಾತ್ರ.

ನಮ್ಮ ಚೆನ್ನೈ ಬಿಸಿಲಿಗೆ ದಪ್ಪ ಜಾಕೆಟ್ಟೇ ಎಂದು ನೀವು ನಗಬಹುದು. ಎದೆ ಬೆನ್ನಿನ ಭಾಗದಲ್ಲಿ ಸಣ್ಣ ತೂತುಗಳಿರುವ ಜಾಕೆಟ್ ಆರಿಸಿ, ಭುಜ ಮೊಣಕೈಯ ತೊಗಲು ಇಡಿಯಾಗಿರಲಿ. ಬಾವಿಯ ಚೀಲಕ್ಕೆ ಒಂದು ಹದ, ಬೂಟಿಗೆ ಒಂದು ದಪ್ಪ ಎಂದು ಹಿರಿಯರು ಕೆಲಸ ನೋಡಿ ತೊಗಲು ಆರಿಸಿದರು. ನೀವೂ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಮೂರು ಮಾತು ಕೇಳಿ: ಯಾವ ಪ್ರಾಣಿಯದು, ಯಾವ ಪದರ, ಎಷ್ಟು ಮಿಲಿಮೀಟರ್? ಉತ್ತರ ಸಿಗದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ. ಪೆರಿಯಮೇಟಿನಲ್ಲಿ ಅಂಗಡಿಗೇನು ಬರವಿಲ್ಲ!