ಬೋರಿಂಗ್ ಒಳಗಿನ ವಾಶರ್

(8 ಫೋಟೊ, 8 ಕ್ಯಾಪ್ಶನ್. ಸ್ವೈಪ್ ಮಾಡ್ತಾ ಓದ್ರಿ.)

1/8
ಈ ಫೋಟೊ ನಮ್ಮ ರಾಜೇಶ್ವರದ್ದು. ನಮ್ಮ ಓಣಿಯ ಬೋರಿಂಗ್. ಹಿಡಿಕೆಗೆ ತುಕ್ಕು ಹತ್ಯದ, ಕೆಳಗಿನ ಕಟ್ಟಿ ಒಡದದ. ಈಗ ಮನಿಗೆ ನಳ ಬಂದದ, ಅದಕ್ಕ ಇದರ ಕಡೆ ಯಾರೂ ತಿರುಗಿ ನೋಡಲ್ಲ. ನಾನು ಆರನೇ ಕ್ಲಾಸ್ ಇದ್ದಾಗ ಒಂದು ಬ್ಯಾಸಿಗಿ ಇದು ಬಂದ್ ಬಿತ್ತು. ಒಳಗ ನೀರಿತ್ತು. ಪೈಪ್ ಸರಿ ಇತ್ತು. ಹಿಡಿಕೆನೂ ಸರಿ ಇತ್ತು. ಕೆಟ್ಟಿದ್ದು ಅಂಗೈಯಾಗ ಹಿಡಿಸೋ ಎರಡು ಚರ್ಮದ ವಾಶರ್ ಅಷ್ಟೇ. ಅವನ್ನ ಬದಲಿ ಮಾಡೋರು ಬರೋ ತನಕ ಎರಡು ತಿಂಗಳು ನಮ್ಮವ್ವ ಹೊಲದ ಬಾವಿಯಿಂದ ಕೊಡ ಹೊತ್ತಳು.

ಎರಡು ವಾಶರ್, ಎರಡು ತಿಂಗಳು. ಈ ಲೆಕ್ಕ ನನ್ನ ತಲಿಯಿಂದ ಇನ್ನೂ ಹೋಗಿಲ್ಲ. ಅದಕ್ಕೇ ಈ ಸಲದ ಸರಣಿ ರಾಜರ ಬಗ್ಗೆ ಅಲ್ಲ, ಕ್ವಾಟಿ ಬಗ್ಗೆ ಅಲ್ಲ. ಒಂದು ವಾಶರಿನ ಬಗ್ಗೆ.

2/8
ಮೊದಲು ಅದು ಮಾಡೋ ಕೆಲಸ ಏನು ಅಂತ ತಿಳ್ಕೊಳ್ರಿ. ನೆಲದ ಆಳದಾಗ, ನೀರಿನೊಳಗೆ ಮುಳುಗಿದ ಒಂದು ಸಿಲಿಂಡರ್ ಇರ್ತದ. ಅದರ ಒಳಮೈಗೆ ಹಿತ್ತಾಳೆ. ಅದರಾಗ ಒಂದು ಪಿಸ್ಟನ್ ಮ್ಯಾಲ ಕೆಳಗ ಆಡ್ತದ. ಪಿಸ್ಟನ್ನಿಗೆ ಬಟ್ಟಲಿನ ಆಕಾರದ ವಾಶರ್ ಕೂಡಿಸಿರ್ತಾರ. ಮಿಸ್ತ್ರಿಗಳು ಇದಕ್ಕ ಬಕೆಟ್ ವಾಶರ್ ಅಂತಾರ. ನೀವು ಹಿಡಿಕೆ ಒತ್ತಿದಾಗ ಪಿಸ್ಟನ್ ಮೇಲೆ ಬರ್ತದ. ಆಗ ನೀರಿನ ಭಾರವೇ ವಾಶರಿನ ಅಂಚನ್ನು ಸಿಲಿಂಡರಿನ ಗೋಡೆಗೆ ಅದುಮಿ ಹಿಡೀತದ. ನೀರಿಗೆ ಕೆಳಗೆ ಜಾರಲು ಸಂದು ಸಿಗಲ್ಲ, ಮ್ಯಾಲೇ ಬರಬೇಕು. ಅಂಚು ಸವೀತು ಅಂದ್ರ ನೀರು ಪಕ್ಕದಿಂದ ವಾಪಸ್ ಜಾರ್ತದ. ನೀವು ಹೊಡೀತಾನೇ ಇರ್ತೀರಿ, ಕೊಡ ತುಂಬೋದಿಲ್ಲ.

ದೋಣಿಯಾಗೂ ಇದೇ ಕಥಿ. 1959ರಲ್ಲಿ ವೋಲ್ವೊ ಪೆಂಟಾ ಕಂಪನಿ ‘ಅಕ್ವಾಮ್ಯಾಟಿಕ್’ ಅನ್ನೋ ಸ್ಟರ್ನ್ ಡ್ರೈವ್ ತಂತು. ಇಂಜಿನ್ ದೋಣಿಯ ಒಳಗೆ, ಗೇರು ಮತ್ತು ಪ್ರೊಪೆಲ್ಲರ್ ಹಿಂದೆ ನೀರಿನಲ್ಲಿ. ಶಾಫ್ಟ್ ಹೊರಗೆ ಬರೋ ಜಾಗದಾಗ ರಬ್ಬರ್ ಸೀಲು. ಒಳಗಿನ ಎಣ್ಣಿ ಹೊರಗೆ ಹೋಗಬಾರದು, ಹೊರಗಿನ ನೀರು ಒಳಗೆ ಬರಬಾರದು. ಸೀಲು ಸವೆದ್ರ ಗೇರ್ ಎಣ್ಣಿ ಹಾಲಿನಂಗ ಬೆಳ್ಳಗಾಗ್ತದ. ಅದನ್ನ ನೋಡಿ ಸೀಲು ಬದಲಿಸಿದ್ರ ಸಣ್ಣ ಖರ್ಚು. ನೋಡದೇ ಬಿಟ್ರ ಗೇರು ಪೂರಾ ತುಕ್ಕು ಹಿಡಿದು ಹಾಳು. ಸಮುದ್ರ ಇಲ್ಲದ ಬೀದರ್ ಜಿಲ್ಲೆಗೂ ದೋಣಿಗೂ ಇರೋ ನಂಟು ಇದೇ.

3/8
ಮುತ್ಯಾನ ಕಾಲದಾಗ ಬೋರಿಂಗ್ ಎಲ್ಲಿತ್ತು? ತೆರೆದ ಬಾವಿ, ಮೆಟ್ಟಿಲ ಬಾವಿ, ಹೊಲಕ್ಕ ಎತ್ತು ಎಳೆಯೋ ಚರ್ಮದ ಮೋಟು. ನಮ್ಮ ಕಡೆ ಕೆಳಗೆ ಬರೀ ಕರಿಕಲ್ಲು. ಬಾವಿ ತೋಡೋದಂದ್ರ ತಿಂಗಳುಗಟ್ಟಲೆ ಕೆಲಸ.

1966-67ರಲ್ಲಿ ಬಿಹಾರದಾಗ ದೊಡ್ಡ ಬರ ಬಿತ್ತು. ಆ ಹೊತ್ತಿಗೆ ಯುನಿಸೆಫ್ ಗಟ್ಟಿ ಬಂಡೆ ಕೊರೆಯೋ, ಗಾಳಿ ಒತ್ತಡದ ಮೇಲೆ ನಡೆಯೋ ರಿಗ್‌ಗಳನ್ನ ಭಾರತಕ್ಕ ತಂತು. ಆಮೇಲೆ 1972ರ ಬರ. ಆ ಬರದ ಮಾತು ನಮ್ಮ ಹಿರಿಯರ ಬಾಯಾಗ ಇನ್ನೂ ಅದ, ಕೇಳಿ ನೋಡ್ರಿ. ಊರೂರಿಗೆ ಬೋರ್ ಕೊರದ್ರು, ಮೇಲೆ ಎರಕದ ಕಬ್ಬಿಣದ ಪಂಪ್ ಕೂಡಿಸಿದ್ರು.

ತಪ್ಪಾಗಿದ್ದು ಅಲ್ಲೇ. ಆ ಪಂಪ್‌ಗಳ ಮೂಲ ನಮೂನೆ ವಿದೇಶದ್ದು, ಒಂದೇ ಮನಿಯವರು ದಿನಕ್ಕ ಒಂದಿಷ್ಟು ಸಲ ಹೊಡೀಲಿ ಅಂತ ಮಾಡಿದ್ದು. ನಮ್ಮಲ್ಲಿ ಬೆಳಗಿನ ಜಾವದಿಂದ ಕತ್ತಲಾಗೋ ತನಕ ಊರಿಗೆ ಊರೇ ಹೊಡೀತು. 1970ರ ದಶಕದ ನಡುವಿನ ಸಮೀಕ್ಷೆಗಳಾಗ ಕಂಡಿದ್ದು: ಯಾವ ಹೊತ್ತಿನಲ್ಲಿ ಎಣಿಸಿದ್ರೂ ನಾಲ್ಕರಲ್ಲಿ ಮೂರು ಪಂಪ್ ಬಂದ್. ನೆಲದಾಗ ನೀರು ಅದ, ಮ್ಯಾಲ ಪಂಪ್ ಅದ, ಕೊಡ ಮಾತ್ರ ಖಾಲಿ.

4/8
ಇದಕ್ಕ ಉಪಾಯ ಎಲ್ಲಿಂದ ಬಂತು ಗೊತ್ತೇನು? ನಮ್ಮ ಹೈವೇ ಹಿಡಿದು ಪಶ್ಚಿಮಕ್ಕ ಹೋದ್ರ ಸಿಗೋ ಸೊಲ್ಲಾಪುರದಿಂದ! ಅದಕ್ಕೂ ಮೊದಲು ಜಾಲನಾದಾಗ, ಮಿಶನ್ ಕೆಲಸಗಾರರು ಎರಕದ ಕಬ್ಬಿಣ ಬಿಟ್ಟು ಉಕ್ಕಿನ ಪಂಪ್ ಮಾಡಿ ನೋಡಿದ್ರು. (ಜಾಲನಾನೂ ಬೀದರೂ 1956ರ ತನಕ ಒಂದೇ ಹೈದರಾಬಾದ್ ರಾಜ್ಯದಾಗ ಇದ್ದವು.) ಸೊಲ್ಲಾಪುರದ ಪಂಪಿನಾಗ ಹಿಡಿಕೆಗೆ ಬೇರಿಂಗ್ ಬಂತು, ರಾಡ್ ಎಳೆಯಲು ಚೈನ್ ಬಂತು. ಚೈನ್ ಇದ್ದದ್ದಕ್ಕ ರಾಡ್ ಆ ಕಡೆ ಈ ಕಡೆ ವಾಲದೇ ನೆಟ್ಟಗೆ ಮೇಲೆ ಬರ್ತದ.

ಇದನ್ನೇ ಬುನಾದಿ ಮಾಡ್ಕೊಂಡು ಭಾರತ ಸರಕಾರ, ಯುನಿಸೆಫ್, ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆ ಕೂಡಿ ‘ಇಂಡಿಯಾ ಮಾರ್ಕ್ 2’ ಪಂಪ್ ತಯಾರು ಮಾಡಿದ್ರು. 1970ರ ದಶಕದ ಕೊನೆಗೆ ಅದು ಊರೂರಿಗೆ ಬರಲಿಕ್ಕೆ ಹತ್ತಿತು. ಮೊದಲ ಫೋಟೊದಾಗ ಇರೋದು ಅದೇ. ಆಮೇಲೆ ಇದು ಆಫ್ರಿಕಾ ದೇಶಗಳಿಗೂ ಹೋಯ್ತು.

5/8
ಮೇಲಿನ ಭಾಗ ಗಟ್ಟಿ ಆಯ್ತು. ಆದ್ರ ಕೆಳಗೆ, ಕಣ್ಣಿಗೆ ಕಾಣದ ಜಾಗದಾಗ, ಚರ್ಮದ ವಾಶರೇ ಉಳೀತು. ಚರ್ಮ ಒಂದು ಸಲ ಇದ್ದಂಗ ಇನ್ನೊಂದು ಸಲ ಇರಲ್ಲ. ಒಳ್ಳೇ ಚರ್ಮ ಬಾಳಿಕೆ ಬರ್ತದ, ಕಚ್ಚಾ ಚರ್ಮ ಬೇಗ ಸವೀತದ. ನೀರಿನ ಜೊತೆ ಉಸುಕು ಬಂದ್ರ ಇನ್ನೂ ಬೇಗ. ಅದಕ್ಕೇ ಹೊಸ ವಾಶರನ್ನು ಮೊದಲು ನೀರಾಗ ನೆನಸಿ, ಮೆತ್ತಗೆ ಮಾಡಿ ಕೂಡಿಸ್ತಿದ್ರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಚರ್ಮದ ಕೆಲಸ ಮಾಡೋ ಜನರನ್ನ ನಮ್ಮ ಸಮಾಜ ಎಷ್ಟೋ ಕಾಲ ಬಾವಿ ಹತ್ತಿರ ಬಿಟ್ಟುಕೊಳ್ಳಲಿಲ್ಲ. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟಲು ಅಂಬೇಡ್ಕರ್ ಸತ್ಯಾಗ್ರಹ ಮಾಡಬೇಕಾಯ್ತು. ಆದ್ರ ಅದೇ ಜನ ಹದ ಮಾಡಿದ ಚರ್ಮ ಮೋಟಿನಾಗ ಇತ್ತು, ಆಮೇಲೆ ಬೋರಿಂಗಿನಾಗ ಇತ್ತು. ಎಲ್ಲರೂ ಕುಡಿದ ನೀರು ಅದನ್ನ ಮುಟ್ಟಿಕೊಂಡೇ ಮೇಲೆ ಬಂತು. ಬಸವಕಲ್ಯಾಣದಾಗ ಹರಳಯ್ಯನವರ ಗವಿ ಮುಂದೆ ಸೆಲ್ಫಿ ತಗೊಳ್ಳುವಾಗ ಇದನ್ನೊಂದು ಸಲ ನೆನಸ್ರಿ.

6/8
ಈಗ ಅಸಲಿ ಪ್ರಶ್ನೆ. ಸಣ್ಣ ವಾಶರ್ ಬದಲಿ ಮಾಡೋಕೆ ಎರಡು ತಿಂಗಳು ಯಾಕ?

ಯಾಕಂದ್ರ ಮಾರ್ಕ್ 2 ಪಂಪಿನಾಗ ಸಿಲಿಂಡರ್ ಪೈಪಿಗಿಂತ ದಪ್ಪ. ಪಿಸ್ಟನ್ ಒಂದನ್ನೇ ಮೇಲೆ ಎಳೆಯಲು ಬರಲ್ಲ. ವಾಶರ್ ಮುಟ್ಟಬೇಕಂದ್ರ ಪೈಪ್ ಪೂರಾ ಎತ್ತಬೇಕು. ಒಂದೊಂದು ಪೈಪ್ ಮೂರು ಮೀಟರ್. ಸಿಲಿಂಡರ್ 30 ಮೀಟರ್ ಆಳದಾಗ ಇದ್ರ ಹತ್ತು ಪೈಪ್. ಎತ್ತು, ಕ್ಲ್ಯಾಂಪ್ ಹಾಕಿ ಹಿಡಿ, ಬಿಚ್ಚು, ಮತ್ತೆ ಎತ್ತು. ಕೈ ಜಾರಿದ್ರ ಎಲ್ಲಾ ಬೋರಿನ ತಳಕ್ಕ. ಅದಕ್ಕ ಬೇರೆ ಸಾಮಾನು ಬೇಕು, ನಾಲ್ಕೈದು ಜನ ಬೇಕು, ಅವರನ್ನ ತರೋ ಗಾಡಿ ಬೇಕು. ಗಾಡಿ ಬರಬೇಕಂದ್ರ ಅರ್ಜಿ ಕೊಡಬೇಕು, ಪಾಳಿ ಹಚ್ಚಬೇಕು. ಊರಿನ ಹುಡುಗ ಪಾನಾ ಹಿಡ್ಕೊಂಡು ಮಾಡೋ ಕೆಲಸ ಅದು ಆಗಿರಲಿಲ್ಲ.

ಅಷ್ಟರೊಳಗ ಜನ ಎಲ್ಲಿಗೆ ಹೋಗ್ತಾರ? ಹಳೇ ಬಾವಿಗೆ. ಇದು ಬರೀ ಕಾಲುನೋವಿನ ಮಾತಲ್ಲ. ಹಿಂದೆ ಮೆಟ್ಟಿಲ ಬಾವಿ ನೀರಿನಿಂದ ನಾರುಹುಣ್ಣು ಬರ್ತಿತ್ತು. ಚರ್ಮ ಸೀಳಿ ದಾರದಂಥ ಹುಳ ಹೊರಗೆ ಬರೋ ರೋಗ. ಕರ್ನಾಟಕನೂ ಆ ರೋಗ ಇದ್ದ ರಾಜ್ಯ. ಭಾರತದಾಗ ಅದರ ಕೊನೇ ಪ್ರಕರಣ ಕಂಡಿದ್ದು 1996ರಲ್ಲಿ, ದೇಶಕ್ಕ ರೋಗಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿದ್ದು 2000ದಲ್ಲಿ. ಅದನ್ನ ಓಡಿಸಿದ ಕೆಲಸದಾಗ ಬೋರಿಂಗ್‌ಗಳ ಪಾಲೂ ಅದ. ನಡೆಯೋ ಬೋರಿಂಗ್‌ಗಳದ್ದು ಅಂತ ಓದ್ಕೊಳ್ರಿ.

7/8
1983ರಿಂದ ಐದು ವರ್ಷ ಕೊಯಮತ್ತೂರು ಕಡೆ ಒಂದು ದೊಡ್ಡ ಪರೀಕ್ಷೆ ನಡೀತು. ಹಳ್ಳಿಗಳಾಗ ಬೇರೆ ಬೇರೆ ನಮೂನೆ ಪಂಪ್ ಕೂಡಿಸಿ, ಯಾವುದು ಯಾವಾಗ ಕೆಡ್ತು, ಏನು ಬದಲಿಸಿದ್ರು, ಎಲ್ಲಾ ಬರೆದಿಟ್ರು. ಎರಡು ಪಾಠ ಸಿಕ್ಕವು.

ಒಂದು: ಚರ್ಮದ ಬದಲು ನೈಟ್ರೈಲ್ ರಬ್ಬರ್ ವಾಶರ್ ಹಾಕಿದ್ರ ಹೆಚ್ಚು ದಿನ ಬರ್ತದ. ಈ ನೈಟ್ರೈಲ್ ಬೇರೆ ಏನಲ್ಲ, ನಿಮ್ಮ ಬೈಕಿನ ಆಯಿಲ್ ಸೀಲಿನಾಗ, ದೋಣಿಯ ಸೀಲಿನಾಗ ಇರೋ ಅದೇ ಜಾತಿ ರಬ್ಬರ್.

ಎರಡು: ಪೈಪನ್ನೇ ಅಗಲ ಮಾಡಿದ್ರ ಪಿಸ್ಟನ್ ಅದರೊಳಗಿಂದಲೇ ಮೇಲೆ ಬರ್ತದ. ಪೈಪ್ ಎತ್ತೋ ಕೆಲಸ ಇಲ್ಲ, ಗಾಡಿ ಇಲ್ಲ. ಸೈಕಲ್ ಮ್ಯಾಲ ಬಂದ ಮಿಸ್ತ್ರಿ, ಕೈಜೋಡಿಸೋ ಒಬ್ಬಿಬ್ಬರು ಇದ್ರ ಸಾಕು. ಇದಕ್ಕ ‘ಮಾರ್ಕ್ 3’ ಅಂತ ಹೆಸರಾಯ್ತು. ಅಗಲ ಪೈಪಿಗೆ ರೊಕ್ಕ ಜಾಸ್ತಿ, ಭಾರನೂ ಜಾಸ್ತಿ. ಹಿಂಗಾಗಿ ಬಹಳ ಕಡೆ ಹಳೇ ಮಾರ್ಕ್ 2 ಹಂಗೇ ಉಳೀತು.

8/8
ನಾವು ಬಿಕಾಂ ಮಂದಿ. ಮೊದಲ ಸೆಮಿಸ್ಟರಿನಾಗ ಓದಿದ್ದು ನೆನಪದ ಅಲ್ಲ? ಬೋರ್ ಕೊರೆಯೋದು ಬಂಡವಾಳ ವೆಚ್ಚ. ವಾಶರ್ ಬದಲಿಸೋದು ಕಂದಾಯ ವೆಚ್ಚ. ಪರೀಕ್ಷೆಯಾಗ ಇದು ಎರಡು ಮಾರ್ಕಿನ ಪ್ರಶ್ನೆ. ಊರಾಗ ಇದು ಎರಡು ತಿಂಗಳ ನೀರು.

ಬೋರ್ ಕೊರೆಯುವಾಗ ತೆಂಗಿನಕಾಯಿ ಒಡೀತಾರ, ಫೋಟೊ ತೆಗೀತಾರ, ಕಲ್ಲಿನ ಮೇಲೆ ಹೆಸರು ಕೆತ್ತಿಸ್ತಾರ. ವಾಶರ್ ಬದಲಿಸುವಾಗ ಯಾರೂ ಬರಲ್ಲ. ಅದಕ್ಕೇ ಮೊದಲನೇದಕ್ಕ ರೊಕ್ಕ ಸಿಗ್ತದ, ಎರಡನೇದಕ್ಕ ಸಿಗಲ್ಲ. ಈ ಚರಿತ್ರೆಯಿಂದ ನಾನು ಕಲಿತಿದ್ದು ಇಷ್ಟು: ಒಂದು ಪಂಪ್ ಚಲೋದೋ ಕೆಟ್ಟದ್ದೋ ಅಂತ ಹೇಳೋದು ಅದು ಎಷ್ಟು ಗಟ್ಟಿ ಅನ್ನೋದಲ್ಲ. ಅದರ ವಾಶರನ್ನ ಯಾರು, ಎಷ್ಟು ದಿನದಾಗ ಬದಲಿ ಮಾಡಬಹುದು ಅನ್ನೋದು.

ಆ ಬ್ಯಾಸಿಗಿ ಕೊನೆಗೆ ಗಾಡಿ ಬಂತು. ಪೈಪ್ ಎತ್ತಿದ್ರು. ಮಿಸ್ತ್ರಿ ಕಾಕಾ ಹಳೇ ವಾಶರ್ ತೆಗೆದು ನನ್ನ ಕೈಯಾಗ ಇಟ್ರು. ಅಂಚು ಸವೆದು ಹಪ್ಪಳದಂಗ ತೆಳ್ಳಗಾಗಿತ್ತು. ಎಂಟನೇ ಫೋಟೊ ಅದರದ್ದೇ, ಇನ್ನೂ ನನ್ನ ಕಂಪಾಸ್ ಡಬ್ಬಿಯಾಗ ಅದ.

ನಿಮ್ಮ ಓಣಿ ಬೋರಿಂಗ್ ನಡೀತದೋ ಇಲ್ಲೋ? ನಾಳೆ ಒಂದು ಸಲ ಹೊಡದು ನೋಡ್ರಿ. ಎಷ್ಟು ಸಲಕ್ಕ ನೀರು ಬಂತು ಅಂತ ಕಮೆಂಟ್ ಮಾಡ್ರಿ, ಫೋಟೊ ಕಳಸ್ರಿ. ಬರದಿದ್ರ ಪಂಚಾಯ್ತಿಗೆ ಹೋಗಿ ಹೊಸ ಬೋರ್ ಕೇಳಬ್ಯಾಡ್ರಿ. ಮೊದಲು ವಾಶರ್ ಕೇಳ್ರಿ.

#ರಾಜೇಶ್ವರ #ಬಸವಕಲ್ಯಾಣ #ಹುಮನಾಬಾದ್ #ಬೋರಿಂಗ್ #ಸಣ್ಣವಸ್ತುಗಳಚರಿತ್ರೆ