ಗ್ಯಾರಿಸನ್ ಸ್ಮಶಾನ ಮತ್ತು ಸ್ಕಾಟ್ ಬಂಗಲೆ, ಶ್ರೀರಂಗಪಟ್ಟಣ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣವು ಕಾವೇರಿ ನದಿಯ ಎರಡು ಕವಲುಗಳ ನಡುವಿನ ದ್ವೀಪವಾಗಿದೆ. ಇಲ್ಲಿನ ಕೋಟೆ, ದೇವಾಲಯ ಹಾಗೂ ದರಿಯಾ ದೌಲತ್ ಅರಮನೆಗಳು ಪ್ರವಾಸಿಗರಿಗೆ ಸುಪರಿಚಿತ. ಬೆಂಗಳೂರು–ಮೈಸೂರು ಹೆದ್ದಾರಿಗೆ ಅನತಿ ದೂರದಲ್ಲಿ, ನದೀತೀರದಲ್ಲಿರುವ ಗ್ಯಾರಿಸನ್ ಸ್ಮಶಾನ ಮತ್ತು ಅದರ ಸಮೀಪದ ಸ್ಕಾಟ್ ಬಂಗಲೆಯನ್ನು ನೋಡುವವರು ವಿರಳ.

ಹಿನ್ನೆಲೆ

1799ರ ಮೇ 4ರಂದು ಟಿಪ್ಪು ಸುಲ್ತಾನ್ ಮರಣ ಹೊಂದಿ ಕೋಟೆಯು ಬ್ರಿಟಿಷರ ವಶವಾಯಿತು. ತರುವಾಯ ಇಲ್ಲಿ ಕಾವಲು ದಂಡನ್ನು ಇರಿಸಲಾಯಿತು. ದ್ವೀಪದ ಹವೆಯು ಈ ದಂಡಿಗೆ ಒಗ್ಗಲಿಲ್ಲ. ಚಳಿಜ್ವರದ ಬಾಧೆಯಿಂದ ಸಾವುಗಳು ಸಂಭವಿಸಿದವು. ಈ ಕಾರಣದಿಂದ 1809ರಲ್ಲಿ ದಂಡನ್ನು ಬೆಂಗಳೂರಿಗೆ ವರ್ಗಾಯಿಸಿದ್ದು, ಅಲ್ಲಿನ ದಂಡುಪ್ರದೇಶದ ಉಗಮಕ್ಕೆ ಕಾರಣವಾಯಿತು.

ಸ್ಮಶಾನ

ಇಲ್ಲಿ ಸುಮಾರು 300 ಸಮಾಧಿಗಳಿವೆ. ಯುದ್ಧದಲ್ಲಿ ಮಡಿದವರ ಜೊತೆಗೆ ನಂತರದ ವರ್ಷಗಳಲ್ಲಿ ತೀರಿಕೊಂಡ ಅಧಿಕಾರಿಗಳು, ಅವರ ಪತ್ನಿಯರು ಹಾಗೂ ಮಕ್ಕಳ ಸಮಾಧಿಗಳೂ ಇವುಗಳಲ್ಲಿ ಸೇರಿವೆ. ಡಿ ಮ್ಯೂರಾನ್ ಪಡೆಗೆ ಸೇರಿದವರ ಸಮಾಧಿಗಳು ಗಮನಾರ್ಹ. ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ 1781ರಲ್ಲಿ ಡಚ್ಚರಿಗಾಗಿ ಕಟ್ಟಿದ ಈ ಪಡೆಯು 1795ರಲ್ಲಿ ಬ್ರಿಟಿಷರ ಸೇವೆಗೆ ಸೇರಿ, 1799ರ ಮುತ್ತಿಗೆಯಲ್ಲಿ ಪಾಲ್ಗೊಂಡಿತ್ತು.

ಸ್ಕಾಟ್ ಬಂಗಲೆ

ಫಿರಂಗಿ ಗಾಡಿಗಳ ಕಾರ್ಖಾನೆಯ ಮುಖ್ಯಸ್ಥರಾಗಿದ್ದ, ಮದರಾಸು ಸೈನ್ಯದ ಕರ್ನಲ್ ಸ್ಕಾಟ್ ಈ ಬಂಗಲೆಯಲ್ಲಿ ವಾಸವಾಗಿದ್ದರು. ಒಂದು ದಿನ ಅವರು ಮನೆಗೆ ಮರಳಿದಾಗ ಪತ್ನಿ ಮತ್ತು ಮಕ್ಕಳು ಕಾಲರಾದಿಂದ ಮೃತಪಟ್ಟಿದ್ದರೆಂದೂ, ದುಃಖದಿಂದ ಅವರು ನದಿಯ ಪಾಲಾದರೆಂದೂ ಕಥೆಯಿದೆ. ಬಂಗಲೆಯನ್ನು ಮೈಸೂರಿನ ಅರಸರು ಪೀಠೋಪಕರಣಗಳ ಸಮೇತ ಯಥಾಸ್ಥಿತಿಯಲ್ಲಿ ಇರಿಸಿದ್ದರೆಂಬ ಪ್ರತೀತಿಯೂ ಇದೆ.

ಆದರೆ ಈ ಕಥೆಯನ್ನು ಸ್ಮಶಾನದ ಸಮಾಧಿಯೊಂದು ತಿದ್ದುತ್ತದೆ. ಸ್ಕಾಟ್ ಅವರ ಪತ್ನಿ ಕೆರೋಲಿನ್ ಇಸಾಬೆಲಾ 1817ರಲ್ಲಿ ನಿಧನರಾಗಿ ಇಲ್ಲಿಯೇ ಸಮಾಧಿಯಾಗಿದ್ದಾರೆ. ಅವರ ಮರಣವು ಹೆರಿಗೆಯ ಸಮಯದಲ್ಲಿ ಸಂಭವಿಸಿತೆಂದು ನಂತರದ ಅಧ್ಯಯನಗಳು ತಿಳಿಸುತ್ತವೆ. ಸ್ಕಾಟ್ ಅವರು ನದಿಯಲ್ಲಿ ಮುಳುಗಲಿಲ್ಲ, ಇಂಗ್ಲೆಂಡಿಗೆ ಹಿಂದಿರುಗಿದರು.

ಸಂರಕ್ಷಣೆಯ ಅಗತ್ಯ

ಬಹುಕಾಲ ಗಿಡಗಂಟಿಗಳಿಂದ ಆವೃತವಾಗಿದ್ದ ಸ್ಮಶಾನವನ್ನು 2007–08ರ ಸುಮಾರಿಗೆ ಡಿ ಮ್ಯೂರಾನ್ ವಂಶಸ್ಥರ ನೆರವಿನಿಂದ ದುರಸ್ತಿಗೊಳಿಸಲಾಯಿತು. ಗಾರೆಯ ಬಿರುಕಿನಲ್ಲಿ ಬೇರೂರುವ ಅರಳಿ, ಆಲದ ಸಸಿಗಳು ಇಂತಹ ಕಟ್ಟಡಗಳನ್ನು ಸೀಳಬಲ್ಲವು. ಮಳೆನೀರಿನಿಂದ ಅಕ್ಷರಗಳು ಸವೆಯುತ್ತವೆ. ಬಾಯಿಂದ ಬಾಯಿಗೆ ಹರಡಿದ ಕಥೆಯನ್ನು ಪರಿಶೀಲಿಸಲು ಉಳಿದಿರುವ ಆಧಾರಗಳಲ್ಲಿ ಈ ಕಲ್ಬರಹಗಳು ಪ್ರಮುಖವಾದವು. ಅಕ್ಷರ ಅಳಿದರೆ ಕಥೆಯೊಂದೇ ಉಳಿಯುತ್ತದೆ.

ಆದ್ದರಿಂದ ಸಂದರ್ಶಕರು ಸಮಾಧಿಗಳ ಮೇಲೆ ಹತ್ತುವುದು, ಹೆಸರು ಕೆತ್ತುವುದು ಹಾಗೂ ಬರಹಗಳನ್ನು ಉಜ್ಜುವುದನ್ನು ಮಾಡಬಾರದು. ಇದು ಮೃತರ ವಿಶ್ರಾಂತಿಯ ಸ್ಥಳವೆಂಬುದನ್ನು ನೆನಪಿನಲ್ಲಿಟ್ಟು, ಶಾಂತಿಯನ್ನು ಕಾಪಾಡುವುದು ಎಲ್ಲರ ಕರ್ತವ್ಯವಾಗಿರುತ್ತದೆ.