ಮಲೆನಾಡಿನ ಮಳೆಯೂ ಹಳೆಯ ಅಂಚೆಚೀಟಿಯೂ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳೆಯ ಮನೆಗಳಲ್ಲಿ ಅಡಿಕೆ ಲೆಕ್ಕದ ಪುಸ್ತಕಗಳ ನಡುವೆ ಕಾಗದಪತ್ರಗಳ ಕಟ್ಟೊಂದು ಸಿಗುವುದುಂಟು. ಸಿಕ್ಕಿದ ಕೂಡಲೇ ಲಕೋಟೆಯ ಮೇಲಿನ ಚೀಟಿಯನ್ನು ಕಿತ್ತು ಆಲ್ಬಮ್ಮಿಗೆ ಅಂಟಿಸುವ ಆಸೆ ನಿಮಗಾಗಬಹುದು. ಸ್ವಲ್ಪ ತಾಳಿ. ಅದು ನಿಮ್ಮ ಊರಿನ ಚರಿತ್ರೆಯ ದಾಖಲೆ.

ಇಡೀ ಭಾರತದ ಬಳಕೆಗೆಂದು ಅಂಚೆಚೀಟಿ ಬಂದದ್ದು 1854ರಲ್ಲಿ. ಈ ಮೂರೂ ಊರುಗಳು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ಸಂಸ್ಥಾನಕ್ಕೆ ತನ್ನದೇ ಅಂಚೆಯಿತ್ತು. ಆದರೆ ಹೈದರಾಬಾದ್, ತಿರುವಾಂಕೂರುಗಳಂತೆ ಮೈಸೂರು ತನ್ನ ಹೆಸರಿನ ಚೀಟಿಗಳನ್ನು ಬಳಕೆಗೆ ತರಲಿಲ್ಲ. 1889ರಲ್ಲಿ ಮೈಸೂರು ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆದ್ದರಿಂದ ಇಲ್ಲಿನ ಹಳೆಯ ಲಕೋಟೆಗಳಲ್ಲಿ ಕಾಣುವುದು ವಿಕ್ಟೋರಿಯಾ ರಾಣಿಯ, ಎಡ್ವರ್ಡ್ ಮತ್ತು ಜಾರ್ಜ್ ದೊರೆಗಳ ಮುಖಗಳೇ.

ಹಾಗಾದರೆ ಆ ಚೀಟಿ ಮಲೆನಾಡಿನಲ್ಲಿ ಬಳಕೆಯಾಯಿತೆಂದು ಹೇಳುವುದು ಯಾವುದು? ಅದರ ಮೇಲೆ ಬಿದ್ದ ಅಂಚೆಮುದ್ರೆ. ನರಸಿಂಹರಾಜಪುರಕ್ಕೆ ಮೊದಲು ಎಡೇಹಳ್ಳಿ ಎಂಬ ಹೆಸರಿತ್ತು. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ ಈಗಿನ ಹೆಸರು ಬಂತು. ಇಂಥ ಬದಲಾವಣೆಗಳಿಗೆ ಮುದ್ರೆಯಲ್ಲಿನ ಊರು, ತಾರೀಖುಗಳೇ ಸಾಕ್ಷಿ. ಚೀಟಿ ಕಿತ್ತರೆ ಮುದ್ರೆ ತುಂಡಾಗುತ್ತದೆ, ಸಾಕ್ಷಿ ಮೂಕವಾಗುತ್ತದೆ.

ಆದ್ದರಿಂದ ಮೊದಲನೆಯ ನಿಯಮ: ಹಳೆಯ ಲಕೋಟೆಯನ್ನು ಇಡಿಯಾಗಿಯೇ ಉಳಿಸಿ. ಲಕೋಟೆಯಿಂದ ಮೊದಲೇ ಕತ್ತರಿಸಿದ ತುಂಡಿನಲ್ಲಿರುವ ಸಾಧಾರಣ ಚೀಟಿಯನ್ನು ಮಾತ್ರ ತಣ್ಣೀರಿನಲ್ಲಿ ಬಿಡಿಸಿ, ಒತ್ತುಕಾಗದದ ನಡುವೆ ಒಣಗಿಸಿ. ಕೆಲವು ಹಳೆಯ ಶಾಯಿಗಳು ನೀರಿಗೆ ಕರಗುತ್ತವೆ, ಸಂಶಯವಿದ್ದರೆ ನೆನೆಸಬೇಡಿ. ಬಳಸದ ಚೀಟಿಯನ್ನಂತೂ ನೀರಿಗೆ ಹಾಕಲೇಬಾರದು. ಹಿಂಬದಿಯ ಮೂಲ ಅಂಟು ಹೋದರೆ ಬೆಲೆಯೂ ಇಳಿಯುತ್ತದೆ. ಹರಿದ ಕಡೆ ಸೆಲೋಟೇಪು ಬೇಡ, ಮಾಸಿದ ಕಡೆ ಬಣ್ಣ ಬೇಡ. ದುರಸ್ತಿ ಮಾಡಿದ ಚೀಟಿಯನ್ನು ಹಾಗೆಂದು ಹೇಳದೆ ಮಾರುವುದು ಮೋಸ.

ಮಲೆನಾಡಿನಲ್ಲಿ ದೊಡ್ಡ ಶತ್ರು ಮಳೆಗಾಲದ ತೇವ. ಅಂಟು ತೇವ ಹೀರಿ ಪುಟಕ್ಕೆ ಕಚ್ಚಿಕೊಳ್ಳುತ್ತದೆ; ಬೂಷ್ಟು ಹಿಡಿದು ಕಂದು ಚುಕ್ಕೆಗಳು ಮೂಡುತ್ತವೆ. ಒಲೆಯ ಮೇಲಿನ ಅಟ್ಟದಲ್ಲಿ ತೇವ ಕಡಿಮೆ, ನಿಜ. ಆದರೆ ಹೊಗೆ, ಶಾಖಗಳು ಕಾಗದವನ್ನು ಕೆಡಿಸುತ್ತವೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಅದನ್ನು ಆಗಾಗ ಬದಲಿಸಿ. ಆಲ್ಬಮ್ಮನ್ನು ನೇರವಾಗಿ ನಿಲ್ಲಿಸಿಡಿ. ಮಳೆ ಕಳೆದ ಮೇಲೆ ನೆರಳಿನಲ್ಲಿ ತೆರೆದು ಗಾಳಿಯಾಡಿಸಿ. ಬಿಸಿಲಿಗೆ ಹಿಡಿದರೆ ಬಣ್ಣ ಮಾಸುತ್ತದೆ. ಬೆರಳಿನ ಬದಲು ಚಪ್ಪಟೆ ತುದಿಯ ಚಿಮುಟ ಬಳಸಿ.

ಕೊನೆಯದಾಗಿ, ಪ್ರತಿ ಲಕೋಟೆ ಯಾರದು, ಎಲ್ಲಿ ಸಿಕ್ಕಿತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ಕಾಗದವನ್ನು ಡಬ್ಬಿ ಕಾಯಬಲ್ಲದು. ನೆನಪನ್ನು ಕಾಯಬೇಕಾದವರು ನೀವೇ.